ಫ್ಲಾಸ್ಕ್ ನಿಮಗೇ ಬಿಟ್ಟ ಕೆಲಸ

2010ರ ಏಪ್ರಿಲ್ 1ರಂದು ಆಸ್ಟ್ರಿಯಾದ ಪ್ರೋಗ್ರಾಮರ್ ಆರ್ಮಿನ್ ರೊನಾಕರ್ ಒಂದು ಕೀಟಲೆ ಮಾಡಿದರು. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವವರ ನಡುವೆ ಆಗ 'ಒಂದೇ ಫೈಲಿನ ಫ್ರೇಮ್‌ವರ್ಕ್'ಗಳ ಹುಚ್ಚು ಹಬ್ಬಿತ್ತು. ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಈ ಫೈಲ್ ಒಂದಿದ್ದರೆ ಸಾಕು ಎಂಬುದು ಅವುಗಳ ಹೆಗ್ಗಳಿಕೆ. ಅದನ್ನು ಅಣಕಿಸಲೆಂದೇ ರೊನಾಕರ್ 'ಡಿನೈಡ್' ಎಂಬ ಫ್ರೇಮ್‌ವರ್ಕ್ ಹೊರಬಿಟ್ಟರು. ಅದೂ ಒಂದೇ ಫೈಲು. ಆದರೆ ಬಿಚ್ಚಿ ನೋಡಿದರೆ, ಅವರ ಬಳಿ ಮೊದಲೇ ಸಿದ್ಧವಿದ್ದ ವೆರ್ಕ್‌ಜೊಯ್ಗ್ ಮತ್ತು ಜಿಂಜಾ ಎಂಬ ಎರಡು ಲೈಬ್ರರಿಗಳನ್ನು ಜಿಪ್ ಮಾಡಿ, ಅಕ್ಷರಗಳ ಸರಮಾಲೆಯಾಗಿಸಿ ಅದರೊಳಗೆ ತುರುಕಿದ್ದರು. ತಮಾಷೆ ಬಯಲಾದ ಮೇಲೂ ಜನರ ಆಸಕ್ತಿ ಇಳಿಯಲಿಲ್ಲ. ಏಪ್ರಿಲ್ 16ಕ್ಕೆ ಅದೇ ಎರಡು ಲೈಬ್ರರಿಗಳ ಮೇಲೆ ನಿಂತ ನಿಜವಾದ ಫ್ರೇಮ್‌ವರ್ಕ್‌ನ 0.1 ಆವೃತ್ತಿ ಬಂತು. 'ಬಾಟಲ್' ಎಂಬ ಒಂದೇ ಫೈಲಿನ ಫ್ರೇಮ್‌ವರ್ಕ್ ಆಗಲೇ ಚಾಲ್ತಿಯಲ್ಲಿತ್ತು. ಅದರ ಹೆಸರನ್ನು ಚುಡಾಯಿಸಿ ಇದಕ್ಕೆ 'ಫ್ಲಾಸ್ಕ್' ಎಂದು ಹೆಸರಿಟ್ಟರು.

ಇಂದು ಪೈಥಾನ್ ಕಲಿತವರು ವೆಬ್ ಕಡೆ ಹೊರಳಿದಾಗ ಮೊದಲು ಕೈಗೆ ಸಿಗುವವುಗಳಲ್ಲಿ ಫ್ಲಾಸ್ಕ್ ಒಂದು. ಐದಾರು ಸಾಲು ಬರೆದು 'ಫ್ಲಾಸ್ಕ್ ರನ್' ಎಂದು ಆಜ್ಞೆ ಕೊಟ್ಟರೆ ಬ್ರೌಸರಿನಲ್ಲಿ ಪುಟ ಮೂಡುತ್ತದೆ. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ, ಆಫೀಸಿನ ಒಳಗಿನ ಸಣ್ಣಪುಟ್ಟ ಉಪಕರಣಗಳಿಗೆ ಇದಕ್ಕಿಂತ ಸಲೀಸಾದದ್ದು ಕಡಿಮೆ. ತೊಡಕು ಶುರುವಾಗುವುದು ಆ ಐದು ಸಾಲು ಐದು ಸಾವಿರವಾದಾಗ. ಎಲ್ಲಿ ಏನಿದೆ ಎಂಬುದು ಬರೆದವರಿಗೇ ಮರೆತಿರುತ್ತದೆ; ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಒಡೆಯುತ್ತದೆ. 'ಫ್ಲಾಸ್ಕ್ ದೊಡ್ಡ ಕೆಲಸಕ್ಕಾಗುವುದಲ್ಲ ಬಿಡಿ' ಎಂಬ ಮಾತು ಹುಟ್ಟುವುದು ಇಲ್ಲೇ.

ಈ ದೂರು ಸಲ್ಲಬೇಕಾದ ಕಡೆ ಸಲ್ಲುತ್ತಿಲ್ಲ. ಹಲವು ನಿರ್ಧಾರಗಳನ್ನು ತಾನು ಮಾಡದೆ ಬರೆಯುವವರಿಗೆ ಬಿಟ್ಟದ್ದರಿಂದಲೇ ಫ್ಲಾಸ್ಕ್ ಹಗುರವಾಗಿದೆ. ಹಾಗೆ ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು: ಪ್ರೋಗ್ರಾಮನ್ನು ಎಷ್ಟು ಭಾಗ ಮಾಡಬೇಕು, ಎಲ್ಲಿ ಗೆರೆ ಎಳೆಯಬೇಕು? ಅದನ್ನು ಯಾರೂ ಯೋಚಿಸದಿದ್ದರೆ ಗೆರೆಗಳೇ ಇಲ್ಲದ ಪ್ರೋಗ್ರಾಮು ತಾನಾಗಿ ಬೆಳೆಯುತ್ತದೆ.

ಒಂದು ಕೋರಿಕೆಯ ಹಾದಿ

ಉದಾಹರಣೆಗೆ ಒಂದು ಊರಿನ ಗ್ರಂಥಾಲಯವನ್ನು ತೆಗೆದುಕೊಳ್ಳೋಣ. ಪುಸ್ತಕಗಳ ಪಟ್ಟಿ, ಸದಸ್ಯರ ವಿವರ, ಯಾರು ಯಾವ ಪುಸ್ತಕ ಒಯ್ದಿದ್ದಾರೆ, ತಡವಾದರೆ ದಂಡವೆಷ್ಟು ಎಂಬುದನ್ನೆಲ್ಲ ತೋರಿಸುವ ವೆಬ್‌ಸೈಟ್ ಬೇಕು. ಓದುಗರೊಬ್ಬರು ಮೊಬೈಲಿನಲ್ಲಿ 25ನೇ ಪುಸ್ತಕದ ಕೊಂಡಿ ಒತ್ತಿದರೆ ಒಳಗೆ ಏನಾಗುತ್ತದೆ?

ಬ್ರೌಸರ್ ಕಳಿಸಿದ ಕೋರಿಕೆ ಮೊದಲು ಸರ್ವರ್ ಪ್ರೋಗ್ರಾಮಿಗೆ ತಲುಪುತ್ತದೆ. ಸರ್ವರ್ ಅದನ್ನು ಪೈಥಾನ್ ಪ್ರೋಗ್ರಾಮಿನ ಕೈಗೆ ಕೊಡಬೇಕು. ಹೇಗೆ ಕೊಡಬೇಕು ಎಂಬುದಕ್ಕೆ 2003ಕ್ಕೆ ಮೊದಲು ಎಲ್ಲರೂ ಒಪ್ಪಿದ ಒಂದು ಪದ್ಧತಿ ಇರಲಿಲ್ಲ. ಫ್ರೇಮ್‌ವರ್ಕ್ ಆರಿಸಿದರೆ ಸರ್ವರನ್ನೂ ಅದಕ್ಕೆ ಹೊಂದುವಂತೆಯೇ ಆರಿಸಬೇಕಿತ್ತು. ಆ ವರ್ಷ ಫಿಲಿಪ್ ಎಬಿ ಬರೆದ ಡಬ್ಲ್ಯುಎಸ್‌ಜಿಐ ಎಂಬ ಒಪ್ಪಂದ ಈ ಕಟ್ಟನ್ನು ಬಿಡಿಸಿತು. ಸರ್ವರ್ ಎರಡೇ ವಸ್ತು ಕೊಡುತ್ತದೆ: ಕೋರಿಕೆಯ ವಿವರಗಳಿರುವ ಒಂದು ಡಿಕ್ಷನರಿ, ಉತ್ತರ ಶುರುಮಾಡಲು ಕರೆಯಬೇಕಾದ ಒಂದು ಫಂಕ್ಷನ್. ಈ ಒಪ್ಪಂದಕ್ಕೆ ತಲೆಬಾಗಿದ ಯಾವ ಸರ್ವರಿನ ಜೊತೆಗಾದರೂ ಯಾವ ಫ್ರೇಮ್‌ವರ್ಕ್ ಆದರೂ ಓಡುತ್ತದೆ.

ಮುಂದಿನದು ವೆರ್ಕ್‌ಜೊಯ್ಗ್ ಪಾಲಿನ ಕೆಲಸ. ವಿಳಾಸಗಳ ನಕ್ಷೆಯೊಂದನ್ನು ಅದು ಇಟ್ಟುಕೊಂಡಿರುತ್ತದೆ. 'ಬುಕ್ಸ್, ಅದರ ಮುಂದೆ ಒಂದು ಸಂಖ್ಯೆ' ಎಂಬ ಮಾದರಿಗೆ ಈ ಕೋರಿಕೆ ಹೊಂದಿದ ಕೂಡಲೇ, ಆ ಮಾದರಿಗೆ ಗಂಟು ಹಾಕಿದ ಫಂಕ್ಷನ್ನಿಗೆ 25 ಎಂಬ ಸಂಖ್ಯೆ ಕೊಟ್ಟು ಕರೆಯಲಾಗುತ್ತದೆ. ಆ ಫಂಕ್ಷನ್ ನಾವು ಬರೆದದ್ದು. ಅದು ಡೇಟಾಬೇಸಿನಿಂದ ಪುಸ್ತಕದ ವಿವರ ತಂದು ಜಿಂಜಾಕ್ಕೆ ಒಪ್ಪಿಸುತ್ತದೆ. ಖಾಲಿ ಜಾಗ ಬಿಟ್ಟ ಎಚ್‌ಟಿಎಂಎಲ್ ಪುಟದಲ್ಲಿ, ಅಂದರೆ ಟೆಂಪ್ಲೇಟಿನಲ್ಲಿ, ಹೆಸರು, ಲೇಖಕರು, ಪ್ರತಿಗಳ ಸಂಖ್ಯೆ ತುಂಬಿ ಜಿಂಜಾ ಪುಟ ಸಿದ್ಧ ಮಾಡುತ್ತದೆ. ಪುಟ ಬಂದ ದಾರಿಯಲ್ಲೇ ವಾಪಸಾಗುತ್ತದೆ.

ಈ ಹಾದಿಯಲ್ಲಿ ಫ್ಲಾಸ್ಕ್ ಮಾಡುವುದು ಜೋಡಿಸುವ ಕೆಲಸ. ಅದಕ್ಕೆ ಡೇಟಾಬೇಸ್ ಗೊತ್ತಿಲ್ಲ. ಸದಸ್ಯರ ಲಾಗಿನ್ ಗೊತ್ತಿಲ್ಲ. ಫಾರಂನಲ್ಲಿ ತುಂಬಿದ ಫೋನ್ ನಂಬರಿಗೆ ಹತ್ತು ಅಂಕಿ ಇದೆಯೇ ಎಂದು ನೋಡುವುದಿಲ್ಲ. ಇವೆಲ್ಲ ಬೇಕೆಂದರೆ ಹೊರಗಿನಿಂದ ತರಬೇಕು, ಇಲ್ಲವೇ ನಾವೇ ಬರೆಯಬೇಕು.

ಇದಕ್ಕೆ ಎದುರು ದಿಕ್ಕಿನದು ಜಾಂಗೊ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯ ವೆಬ್ ವಿಭಾಗದಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕವಾದ ಫ್ರೇಮ್‌ವರ್ಕ್ ಅದು. ಪತ್ರಿಕೆಯ ಗಡುವು ಎಂದರೆ ಗಡುವು. ಮಧ್ಯಾಹ್ನ ಕೇಳಿದ ಪುಟ ಸಂಜೆಗೆ ಸಿದ್ಧವಿರಬೇಕು. ಹಾಗಾಗಿ ಲಾಗಿನ್, ಡೇಟಾಬೇಸ್, ಸಂಪಾದಕರು ಸುದ್ದಿ ತುಂಬಲು ಬೇಕಾದ ಅಡ್ಮಿನ್ ಪುಟಗಳು ಎಲ್ಲವನ್ನೂ ಅದರೊಳಗೇ ಕೂರಿಸಿದರು. ಜಾಂಗೊದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದರೆ ಯಾವ ಕೋಡ್ ಯಾವ ಫೈಲಿನಲ್ಲಿರಬೇಕು ಎಂಬುದೂ ಬಹುಪಾಲು ನಿರ್ಧಾರವಾಗಿಯೇ ಇರುತ್ತದೆ. ಫ್ಲಾಸ್ಕ್‌ನಲ್ಲಿ ಎದುರಿಗಿರುವುದು ಖಾಲಿ ಫೋಲ್ಡರ್.

ಒಂದು ಫೈಲಿನಿಂದ ಎರಡಕ್ಕೆ

ನಮ್ಮ ಗ್ರಂಥಾಲಯದ ಕೋಡ್ ಮೊದಲಿಗೆ 'ಆ್ಯಪ್' ಎಂಬ ಒಂದೇ ಫೈಲಿನಲ್ಲಿದೆ ಎಂದುಕೊಳ್ಳಿ. ಸಾಲುಗಳು ಹೆಚ್ಚಾದವು, ಪುಸ್ತಕಕ್ಕೆ ಸಂಬಂಧಿಸಿದ ಫಂಕ್ಷನ್‌ಗಳನ್ನು 'ಬುಕ್ಸ್' ಎಂಬ ಇನ್ನೊಂದು ಫೈಲಿಗೆ ಸಾಗಿಸಿದಿರಿ. ಆ ಫಂಕ್ಷನ್‌ಗಳ ತಲೆಯ ಮೇಲೆ 'ಆ್ಯಪ್.ರೂಟ್' ಎಂಬ ಗುರುತು ಇರಲೇಬೇಕಲ್ಲ, ಅದಕ್ಕಾಗಿ 'ಬುಕ್ಸ್' ಫೈಲು 'ಆ್ಯಪ್' ಫೈಲನ್ನು ಇಂಪೋರ್ಟ್ ಮಾಡುತ್ತದೆ. ಇತ್ತ 'ಆ್ಯಪ್' ಫೈಲಿಗೂ 'ಬುಕ್ಸ್' ಬೇಕು, ಇಲ್ಲದಿದ್ದರೆ ಆ ವಿಳಾಸಗಳು ನೋಂದಣಿಯಾಗುವುದೇ ಇಲ್ಲ. ನೀನು ಮೊದಲು ಬಾ ಎಂದು ಇದು, ನೀನೇ ಮೊದಲು ಬಾ ಎಂದು ಅದು. ಪೈಥಾನ್ ಅರ್ಧ ಓದಿದ ಫೈಲನ್ನು ಹಿಡಿದು ನಿಂತುಬಿಡುತ್ತದೆ. 3.8ನೇ ಆವೃತ್ತಿಯಿಂದೀಚೆಗೆ ಇದು ಬಹುಶಃ ಸುತ್ತುಬಳಸಿನ ಇಂಪೋರ್ಟ್‌ನಿಂದ ಆದ ತಪ್ಪು ಎಂದು ಅದೇ ಬಾಯಿಬಿಟ್ಟು ಹೇಳುತ್ತದೆ.

ಇಂಪೋರ್ಟ್ ಸಾಲನ್ನು ಫೈಲಿನ ಕೊನೆಗೆ ತಳ್ಳಿ ಇದನ್ನು ಹೇಗೋ ದಾಟಿಸುವವರಿದ್ದಾರೆ. ಕೆಲಸ ನಡೆಯುತ್ತದೆ, ಮುಂದಿನ ಫೈಲು ಸೇರಿಸುವವರೆಗೆ. ಸರಿಯಾದ ದಾರಿಗೆ ಎರಡು ಹೆಜ್ಜೆ.

ಮೊದಲನೆಯದು, ಆ್ಯಪ್ ಎಂಬ ವಸ್ತುವನ್ನು ಫೈಲು ಓದಿದ ಕೂಡಲೇ ಹುಟ್ಟಿಸಬಾರದು. ಅದನ್ನು ಹುಟ್ಟಿಸಿ ಕೊಡುವ ಒಂದು ಫಂಕ್ಷನ್ ಬರೆಯಬೇಕು. 'ಕ್ರಿಯೇಟ್ ಆ್ಯಪ್' ಎಂದು ಅದಕ್ಕೆ ಹೆಸರಿಡುವುದು ರೂಢಿ. ಆ ಹೆಸರಿಟ್ಟರೆ ಫ್ಲಾಸ್ಕ್‌ನ ಆಜ್ಞೆ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಪರೀಕ್ಷೆಗೆ ಖಾಲಿ ಡೇಟಾಬೇಸಿನ ಒಂದು ಆ್ಯಪ್, ನಿಜವಾದ ಬಳಕೆಗೆ ಇನ್ನೊಂದು, ಹೀಗೆ ಬೇಕೆಂದಾಗ ಬೇಕಾದ ಹೊಂದಿಕೆಯೊಂದಿಗೆ ಮಾಡಿಕೊಳ್ಳಬಹುದು. ಡೇಟಾಬೇಸಿನಂತಹ ಜೊತೆಗಾರ ಲೈಬ್ರರಿಗಳನ್ನೂ ಮೊದಲು ಯಾವ ಆ್ಯಪ್‌ಗೂ ಕಟ್ಟದೆ ಬೇರೆ ಫೈಲಿನಲ್ಲಿಟ್ಟು, ಈ ಫಂಕ್ಷನ್ನಿನೊಳಗೆ ಬಂದಮೇಲೆ ಕಟ್ಟುತ್ತಾರೆ.

ಎರಡನೆಯದು ಬ್ಲೂಪ್ರಿಂಟ್. 2011ರಲ್ಲಿ, 0.7 ಆವೃತ್ತಿಯೊಂದಿಗೆ ಇದು ಬಂತು. ಬ್ಲೂಪ್ರಿಂಟ್ ಸ್ವತಃ ಆ್ಯಪ್ ಅಲ್ಲ. ಆ್ಯಪ್ ಸಿಕ್ಕಾಗ ಯಾವ ಯಾವ ವಿಳಾಸ ನೋಂದಾಯಿಸಬೇಕು ಎಂಬ ಸೂಚನೆಗಳ ಕಟ್ಟು. 'ಬುಕ್ಸ್' ಫೈಲು ಈಗ ಆ್ಯಪ್‌ಗಾಗಿ ಕಾಯಬೇಕಿಲ್ಲ. ತನ್ನ ಬ್ಲೂಪ್ರಿಂಟಿನಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. 'ಕ್ರಿಯೇಟ್ ಆ್ಯಪ್' ಓಡುವಾಗ ಪುಸ್ತಕ, ಸದಸ್ಯರು, ಎರವಲು ಎಂಬ ಮೂರು ಬ್ಲೂಪ್ರಿಂಟುಗಳನ್ನು ಒಂದೊಂದಾಗಿ ನೋಂದಾಯಿಸುತ್ತದೆ. ಯಾವುದಕ್ಕೆ ಯಾವ ವಿಳಾಸದ ಮುಂಭಾಗ ಎಂಬುದನ್ನೂ ಅಲ್ಲೇ ಹೇಳಬಹುದು. ಪುಟಗಳ ಕೊಂಡಿ ಬರೆಯುವಾಗ ವಿಳಾಸವನ್ನು ಕೈಯಾರೆ ಬರೆಯದೆ 'ಬುಕ್ಸ್‌ನ ಶೋ' ಎಂದು ಕೇಳಿದರೆ ಫ್ಲಾಸ್ಕ್ ವಿಳಾಸ ಕಟ್ಟಿಕೊಡುತ್ತದೆ. ನಾಳೆ ವಿಳಾಸ ಬದಲಾದರೂ ಕೊಂಡಿ ಮುರಿಯುವುದಿಲ್ಲ. 2021ರಲ್ಲಿ ಬಂದ 2.0 ಆವೃತ್ತಿಯಿಂದ ಬ್ಲೂಪ್ರಿಂಟಿನೊಳಗೆ ಬ್ಲೂಪ್ರಿಂಟ್ ಇಡಲೂ ಸಾಧ್ಯವಾಗಿದೆ.

ಇಲ್ಲೊಂದು ಸಣ್ಣ ಗುಂಡಿ ಇದೆ. ಪ್ರತಿ ಬ್ಲೂಪ್ರಿಂಟೂ ತನ್ನದೇ ಟೆಂಪ್ಲೇಟ್ ಫೋಲ್ಡರ್ ಇಟ್ಟುಕೊಳ್ಳಬಹುದು. ಆದರೆ ಪುಸ್ತಕ ವಿಭಾಗದಲ್ಲೂ ಸದಸ್ಯರ ವಿಭಾಗದಲ್ಲೂ 'ಇಂಡೆಕ್ಸ್' ಹೆಸರಿನ ಪುಟವಿದ್ದರೆ ಫ್ಲಾಸ್ಕ್ ಅವನ್ನು ಬೇರೆ ಬೇರೆ ಎಂದು ನೋಡುವುದಿಲ್ಲ. ಮೊದಲು ನೋಂದಣಿಯಾದದ್ದು ಗೆಲ್ಲುತ್ತದೆ. ಸದಸ್ಯರ ಪಟ್ಟಿ ಕೇಳಿದವರಿಗೆ ಪುಸ್ತಕದ ಪಟ್ಟಿಯ ಪುಟ ಬರುತ್ತದೆ. ಅದಕ್ಕೇ ಬಲ್ಲವರು ಟೆಂಪ್ಲೇಟ್ ಫೋಲ್ಡರಿನೊಳಗೆ ವಿಭಾಗದ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ ಪುಟಗಳನ್ನು ಅದರಲ್ಲಿಡುತ್ತಾರೆ. ಬ್ಲೂಪ್ರಿಂಟ್ ಕೊಡುವ ಗಡಿ ಎಷ್ಟು ತೆಳುವಾದದ್ದು ಎಂಬುದಕ್ಕೆ ಇದೇ ಸಾಕ್ಷಿ.

ಯಾವುದರ ಸುತ್ತ ಗೋಡೆ?

ಭಾಗ ಮಾಡುವ ಸಲಕರಣೆ ಸಿಕ್ಕಿತು. ಗೆರೆ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಫ್ಲಾಸ್ಕ್ ಕಲಿಯುವ ಬಹಳ ಮಂದಿ ಮಾಡುವ ಮೊದಲ ವಿಂಗಡಣೆ ಕೋಡಿನ ಜಾತಿ ನೋಡಿ: ವಿಳಾಸಗಳೆಲ್ಲ ಒಂದು ಫೈಲು, ಡೇಟಾಬೇಸ್ ಟೇಬಲ್‌ಗಳೆಲ್ಲ ಒಂದು ಫೈಲು, ಫಾರಂಗಳೆಲ್ಲ ಇನ್ನೊಂದು. ನೋಡಲು ಓರಣ. ಆದರೆ ಸದಸ್ಯರ ಅರ್ಜಿಗೆ ಪಿನ್‌ಕೋಡ್ ಎಂಬ ಒಂದು ಅಂಕಣ ಸೇರಿಸಬೇಕೆಂದರೆ ಮೂರೂ ಫೈಲು ತೆರೆಯಬೇಕು, ಜೊತೆಗೆ ಟೆಂಪ್ಲೇಟೂ. ಪುಸ್ತಕದ ವಿಭಾಗ ನೋಡಿಕೊಳ್ಳುವವರೂ ಸದಸ್ಯರ ವಿಭಾಗ ನೋಡಿಕೊಳ್ಳುವವರೂ ಒಂದೇ ಫೈಲಿನಲ್ಲಿ ಕೈಯಾಡಿಸುತ್ತಾ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ.

ಈ ಪ್ರಶ್ನೆಗೆ ವೆಬ್ ಹುಟ್ಟುವ ಎಷ್ಟೋ ಮೊದಲೇ ಉತ್ತರ ಬಂದಿತ್ತು. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಅವರು ಒಂದು ಪುಟ್ಟ ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಭಾಗ ಮಾಡಿ ತೋರಿಸಿದ್ದಾರೆ. ಕೊಟ್ಟ ಸಾಲುಗಳ ಪದಗಳನ್ನು ಒಂದೊಂದಾಗಿ ಮುಂದಿನಿಂದ ತೆಗೆದು ಹಿಂದಕ್ಕೆ ಹಾಕುತ್ತಾ, ಹಾಗೆ ಬಂದ ಸಾಲುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಸೂಚಿ ಮಾಡುವ ಪ್ರೋಗ್ರಾಮು. ಮೊದಲ ವಿಂಗಡಣೆ ಕೆಲಸದ ಹಂತಗಳಂತೆ: ಓದು, ತಿರುಗಿಸು, ಜೋಡಿಸು, ಮುದ್ರಿಸು. ಯಾರಿಗಾದರೂ ತಕ್ಷಣ ಹೊಳೆಯುವ ಕ್ರಮ ಅದು. ಎರಡನೆಯದರಲ್ಲಿ ಅವರು ಹಂತಗಳನ್ನು ಬಿಟ್ಟು, ಮುಂದೆ ಬದಲಾಗಬಹುದಾದ ನಿರ್ಧಾರಗಳ ಪಟ್ಟಿ ಮಾಡಿಕೊಂಡರು. ಸಾಲುಗಳನ್ನು ಮೆಮೊರಿಯಲ್ಲಿ ಯಾವ ರೂಪದಲ್ಲಿ ಇಡುವುದು ಎಂಬುದು ಅಂಥದ್ದೊಂದು ನಿರ್ಧಾರ. ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಟ್ಟರು.

ಎರಡೂ ಕೆಲಸ ಮಾಡುತ್ತವೆ. ವ್ಯತ್ಯಾಸ ಕಾಣುವುದು ಸಾಲುಗಳನ್ನಿಡುವ ರೂಪ ಬದಲಾಯಿಸಿದಾಗ. ಮೊದಲ ವಿಂಗಡಣೆಯಲ್ಲಿ ಎಲ್ಲ ಮಾಡ್ಯೂಲುಗಳನ್ನೂ ತಿದ್ದಬೇಕು, ಏಕೆಂದರೆ ಆ ರೂಪ ಎಲ್ಲರಿಗೂ ಗೊತ್ತಿದೆ. ಎರಡನೆಯದರಲ್ಲಿ ಒಂದನ್ನು ತಿದ್ದಿದರೆ ಮುಗಿಯಿತು. ಹಂತಗಳನ್ನು ನೋಡಿ ಗೋಡೆ ಕಟ್ಟಬೇಡಿ, ಬದಲಾಗುವ ನಿರ್ಧಾರದ ಸುತ್ತ ಕಟ್ಟಿ ಎಂಬುದು ಪಾರ್ನಸ್ ಅವರ ತೀರ್ಮಾನ. ಐವತ್ತು ವರ್ಷ ಕಳೆದರೂ ಇದಕ್ಕಿಂತ ಉಪಯೋಗಕ್ಕೆ ಬರುವ ಮಾತನ್ನು ಈ ವಿಷಯದಲ್ಲಿ ಯಾರೂ ಹೇಳಿದಂತಿಲ್ಲ.

ಗ್ರಂಥಾಲಯಕ್ಕೆ ಇದನ್ನು ಹಚ್ಚಿ ನೋಡಿ. ಯಾವುದು ಬದಲಾಗುತ್ತದೆ? ದಂಡದ ನಿಯಮ ಖಂಡಿತ ಬದಲಾಗುತ್ತದೆ. ಇವತ್ತು ಹದಿನೈದು ದಿನ ಕಳೆದ ಮೇಲೆ ದಿನಕ್ಕೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ನಾಳೆ ಆಡಳಿತ ಮಂಡಳಿ ಸಭೆ ಸೇರಿ ರಜಾದಿನಗಳನ್ನು ಬಿಡಿ, ವಿದ್ಯಾರ್ಥಿಗಳಿಗೆ ಅರ್ಧ ಹಾಕಿ, ದಂಡ ಪುಸ್ತಕದ ಬೆಲೆಯನ್ನು ಮೀರದಿರಲಿ ಎಂದು ಹೇಳಬಹುದು. ಗೆರೆ ಇಲ್ಲದ ಪ್ರೋಗ್ರಾಮಿನಲ್ಲಿ ಈ ಲೆಕ್ಕ ಮೂರು ಕಡೆ ಇರುತ್ತದೆ: ಪುಸ್ತಕ ವಾಪಸು ಪಡೆಯುವ ಪುಟದಲ್ಲಿ, ಸದಸ್ಯರು ತಮ್ಮ ಬಾಕಿ ನೋಡುವ ಪುಟದಲ್ಲಿ, ತಿಂಗಳ ವರದಿಯಲ್ಲಿ. ಎರಡು ಕಡೆ ತಿದ್ದಿ ಮೂರನೆಯದನ್ನು ಮರೆತರೆ ಸದಸ್ಯರಿಗೆ ಕಾಣುವ ಮೊತ್ತವೇ ಬೇರೆ, ಕೌಂಟರಿನಲ್ಲಿ ಕೇಳುವ ಮೊತ್ತವೇ ಬೇರೆ.

ಎರವಲು ಮಾಡ್ಯೂಲಿನೊಳಗೆ ಒಂದು ಫಂಕ್ಷನ್ ಇರಲಿ. ಒಯ್ದ ದಿನ, ತಂದ ದಿನ, ಸದಸ್ಯರ ವರ್ಗ, ಪುಸ್ತಕದ ಬೆಲೆ ಇವಿಷ್ಟನ್ನು ಪಡೆದು ರೂಪಾಯಿ ಹೇಳುವುದಷ್ಟೇ ಅದರ ಕೆಲಸ. ವಿಳಾಸ, ಕುಕಿ, ಟೆಂಪ್ಲೇಟ್, ಫ್ಲಾಸ್ಕ್ ಯಾವುದರ ಸುಳಿವೂ ಅದಕ್ಕೆ ಬೇಡ. ಇಂಥ ಫಂಕ್ಷನ್ನನ್ನು ಪರೀಕ್ಷಿಸಲು ಸರ್ವರ್ ಓಡಿಸಬೇಕಿಲ್ಲ, ಡೇಟಾಬೇಸ್ ತುಂಬಬೇಕಿಲ್ಲ. ಆ ನಾಲ್ಕನ್ನು ಕೊಟ್ಟು ಉತ್ತರ ಸರಿಯೇ ಎಂದು ನೋಡಿದರಾಯಿತು. ನಾಳೆ ಫ್ಲಾಸ್ಕನ್ನೇ ಬಿಟ್ಟು ಬೇರೆ ಫ್ರೇಮ್‌ವರ್ಕಿಗೆ ಹೋದರೂ ಅದರ ಒಂದು ಸಾಲೂ ಬದಲಾಗದು.

ಎರಡನೆಯ ಉದಾಹರಣೆ ಕನ್ನಡದ್ದೇ. ಯೂನಿಕೋಡಿನಲ್ಲಿ 'ಕೊ' ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು. 'ಕ'ದ ಮುಂದೆ ಒಕಾರದ ಒಂದೇ ಸಂಕೇತ ಇಡುವುದು ಒಂದು ಬಗೆ. ಎಕಾರದ ಗುರುತು, ಅದರ ಬೆನ್ನಿಗೆ ಊಕಾರದ ಗುರುತು ಎಂದು ಎರಡು ಸಂಕೇತ ಇಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಸರಣಿಗಳು. ಪುಸ್ತಕದ ಹೆಸರು ಒಂದು ರೂಪದಲ್ಲಿ ದಾಖಲಾಗಿ, ಹುಡುಕುವವರ ಸಾಧನ ಇನ್ನೊಂದು ರೂಪ ಕಳಿಸಿದರೆ, ಕಪಾಟಿನಲ್ಲಿರುವ ಪುಸ್ತಕಕ್ಕೆ 'ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಹೇಳಿದೆ. ಒಂದೇ ರೂಪಕ್ಕೆ ತರುವ ಫಂಕ್ಷನ್ ಪೈಥಾನಿನ ಜೊತೆಗೇ ಬರುತ್ತದೆ. ಕರೆಯಬೇಕಷ್ಟೇ.

ಅಷ್ಟಕ್ಕೇ ಮುಗಿಯುವುದಿಲ್ಲ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಮೇಲೆ ಹೇಳಿದ ಫಂಕ್ಷನ್ ಇದನ್ನು ತೆಗೆಯುವುದಿಲ್ಲ. ಹುಡುಕಾಟಕ್ಕೆ ಮಾತ್ರ ತೆಗೆಯಬೇಕು, ತೋರಿಸುವಾಗ ಉಳಿಸಿಕೊಳ್ಳಬೇಕು. ಇದೊಂದು ನಿರ್ಧಾರ, ಇಂದು ಒಂದು ರೀತಿ, ಅನುಭವವಾದ ಮೇಲೆ ಇನ್ನೊಂದು ರೀತಿ ಆಗಬಹುದು. ಹಾಗಾಗಿ 'ಹೆಸರನ್ನು ಹುಡುಕಾಟಕ್ಕೆ ಸಜ್ಜುಗೊಳಿಸು' ಎಂಬ ಒಂದೇ ಫಂಕ್ಷನ್ ಪುಸ್ತಕದ ಮಾಡ್ಯೂಲಿನಲ್ಲಿರಲಿ. ದಾಖಲಿಸುವಾಗಲೂ ಹುಡುಕುವಾಗಲೂ ಅದನ್ನೇ ಹಾದುಹೋಗಲಿ. ಹೊರಗಿನ ಮಾಡ್ಯೂಲುಗಳು ಪದ ಕೊಟ್ಟು ಪಟ್ಟಿ ಪಡೆಯುತ್ತವೆ. ನಡುವೆ ಅಕ್ಷರಗಳಿಗೆ ಏನೇನಾಯಿತು ಎಂಬುದು ಅವಕ್ಕೆ ಬೇಡದ ಉಸಾಬರಿ.

ಬೀಗವಿಲ್ಲದ ಬಾಗಿಲು

ಇಷ್ಟೆಲ್ಲ ಭಾಗ ಮಾಡಿದರೂ ಪೈಥಾನ್ ಯಾವ ಬಾಗಿಲಿಗೂ ಬೀಗ ಹಾಕುವುದಿಲ್ಲ. ಸದಸ್ಯರ ಮಾಡ್ಯೂಲಿನಲ್ಲಿ ಕೂತವರು ಎರವಲಿನ ಟೇಬಲನ್ನು ನೇರವಾಗಿ ಇಂಪೋರ್ಟ್ ಮಾಡಿ ಕ್ವೆರಿ ಬರೆಯಬಹುದು. ಗಡುವು ಹತ್ತಿರ ಬಂದಾಗ ಬರೆದೇ ಬರೆಯುತ್ತಾರೆ. ಅವತ್ತಿಗೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಎರವಲಿನ ಟೇಬಲಿನಲ್ಲಿ ಒಂದು ಅಂಕಣದ ಹೆಸರು ಬದಲಿಸಿದ ದಿನ ಸದಸ್ಯರ ಪುಟ ಮುಗ್ಗರಿಸುತ್ತದೆ. ಫೋಲ್ಡರ್ ಮೂರಾದರೂ ಪ್ರೋಗ್ರಾಮು ಒಂದೇ ಮುದ್ದೆಯಾಗಿ ಉಳಿದಿರುತ್ತದೆ.

ಪ್ರತಿ ಮಾಡ್ಯೂಲೂ ಹೊರಗಿನವರಿಗಾಗಿ ಕೆಲವೇ ಫಂಕ್ಷನ್‌ಗಳನ್ನು ತೆರೆದಿಟ್ಟು, ಉಳಿದದ್ದನ್ನು ಒಳಗಿನದು ಎಂದು ಗುರುತಿಸುವುದು ಒಳ್ಳೆಯದು. ಹೆಸರಿನ ಮೊದಲಿಗೆ ಕೆಳಗೆರೆ ಹಾಕುವುದು ಪೈಥಾನಿನ ರೂಢಿ. 'ಈ ಸದಸ್ಯರ ಬಳಿ ಎಷ್ಟು ಪುಸ್ತಕಗಳಿವೆ?' ಎಂದು ಎರವಲು ಮಾಡ್ಯೂಲನ್ನು ಕೇಳಿದರೆ ಸಂಖ್ಯೆ ಸಿಗಬೇಕು. ಆ ಸಂಖ್ಯೆ ಯಾವ ಟೇಬಲಿನಿಂದ ಬಂತು ಎಂಬುದು ಸಿಗಬಾರದು. ಸಹೋದ್ಯೋಗಿಗಳು ಕೋಡ್ ಪರಿಶೀಲಿಸುವಾಗ ಇಂಪೋರ್ಟ್ ಸಾಲುಗಳನ್ನು ಮೊದಲು ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಗೆದ್ದಂತೆ.

ಇನ್ನು ಹೊರಗಿನಿಂದ ತರುವ ಲೈಬ್ರರಿಗಳು. ಫ್ಲಾಸ್ಕ್ ತನ್ನಲ್ಲಿ ಇಲ್ಲದ್ದನ್ನು ಎಕ್ಸ್‌ಟೆನ್ಷನ್‌ಗಳಿಗೆ ಬಿಟ್ಟಿದೆ; ಲಾಗಿನ್‌ಗೆ ಒಂದು, ಡೇಟಾಬೇಸಿಗೆ ಒಂದು, ಫಾರಂಗೆ ಒಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಪಾಲಕರು, ಬೇರೆ ಬೇರೆ ವೇಗ. 2023ರ ಸೆಪ್ಟೆಂಬರ್ 30ರಂದು ವೆರ್ಕ್‌ಜೊಯ್ಗ್ 3.0 ಬಂದಾಗ ಇದರ ರುಚಿ ಹಲವರಿಗೆ ಸಿಕ್ಕಿತು. ಹಳೆಯ ಕೆಲವು ಫಂಕ್ಷನ್‌ಗಳನ್ನು ಅದರಲ್ಲಿ ತೆಗೆದುಹಾಕಲಾಗಿತ್ತು. ಆಗ ಬಳಕೆಯಲ್ಲಿದ್ದ ಫ್ಲಾಸ್ಕ್ 2.2 ತನಗೆ ವೆರ್ಕ್‌ಜೊಯ್ಗ್‌ನ ಇಂಥ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು ಎಂದಷ್ಟೇ ಹೇಳಿಕೊಂಡಿತ್ತು, ಮೇಲಿನ ಮಿತಿ ಹಾಕಿರಲಿಲ್ಲ. ಫ್ಲಾಸ್ಕ್‌ನ ಆವೃತ್ತಿಯನ್ನು ಮಾತ್ರ ಬಿಗಿಮಾಡಿ ವೆರ್ಕ್‌ಜೊಯ್ಗ್ ಅನ್ನು ಹಾಗೇ ಬಿಟ್ಟವರ ಪ್ರೋಗ್ರಾಮುಗಳು, ಒಂದಕ್ಷರ ಮುಟ್ಟದಿದ್ದರೂ, ಹೊಸದಾಗಿ ಇನ್‌ಸ್ಟಾಲ್ ಮಾಡಿದ ಕೂಡಲೇ ಇಂಪೋರ್ಟ್ ದೋಷ ತೋರಿಸಿ ಮಲಗಿದವು. ನೇರವಾಗಿ ಬಳಸುವ ಲೈಬ್ರರಿಗಳಷ್ಟೇ ಅಲ್ಲದೆ ಅವು ಎಳೆದು ತರುವ ಲೈಬ್ರರಿಗಳ ಆವೃತ್ತಿಯನ್ನೂ ಬರೆದಿಟ್ಟು ಬಿಗಿಮಾಡಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಹೊರಗಿನ ಲೈಬ್ರರಿಗೂ ಪಾರ್ನಸ್ ಅವರ ಮಾತೇ ಅನ್ವಯ. ಸದಸ್ಯರಿಗೆ ಎಸ್ಸೆಮ್ಮೆಸ್ ಕಳಿಸುವ ಸೇವೆಯನ್ನು ನಾಳೆ ಬದಲಿಸಬೇಕಾಗಬಹುದು. ಅದರ ಲೈಬ್ರರಿಯನ್ನು ಹತ್ತು ಕಡೆ ಇಂಪೋರ್ಟ್ ಮಾಡದೆ, 'ಸದಸ್ಯರಿಗೆ ತಿಳಿಸು' ಎಂಬ ನಮ್ಮದೇ ಒಂದು ಫಂಕ್ಷನ್ನಿನ ಹಿಂದೆ ಇಡಬೇಕು.

ಗೆರೆ ಸರಿಯಾದ ಕಡೆ ಬಿದ್ದಿದ್ದರೆ ಏನಾಗುತ್ತದೆ ಎಂಬುದನ್ನು ಫ್ಲಾಸ್ಕ್‌ನ ಒಳಗನ್ನೇ ನೋಡಿ ತಿಳಿಯಬಹುದು. ಜಿಂಜಾಕ್ಕೆ ಫ್ಲಾಸ್ಕ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಟೆಂಪ್ಲೇಟ್ ತುಂಬುವುದು ಮಾತ್ರ. ಅದಕ್ಕೇ ವೆಬ್ ಪುಟದ ಗೊಡವೆಯೇ ಇಲ್ಲದ, ಸರ್ವರ್‌ಗಳನ್ನು ಸಜ್ಜುಗೊಳಿಸುವ ಆನ್ಸಿಬಲ್‌ನಂತಹ ಉಪಕರಣವೂ ಜಿಂಜಾವನ್ನು ಬಳಸುತ್ತದೆ. ಮುಂಬೈನಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ತಂತ್ರಾಂಶದ ತಳಪಾಯವಾದ ಫ್ರಾಪೆ ಫ್ರೇಮ್‌ವರ್ಕಿನಲ್ಲಿ ಫ್ಲಾಸ್ಕ್ ಇಲ್ಲ, ಆದರೆ ವೆರ್ಕ್‌ಜೊಯ್ಗ್ ಮತ್ತು ಜಿಂಜಾ ಇವೆ. ಏಪ್ರಿಲ್ 1ರ ಕೀಟಲೆಯಲ್ಲಿ ಒಂದೇ ಫೈಲಿಗೆ ತುರುಕಿಸಿಕೊಂಡಿದ್ದ ಲೈಬ್ರರಿಗಳು ತಮ್ಮ ಪಾಡಿಗೆ ತಾವು ಬೇರೆ ಬೇರೆ ಕಡೆ ಬದುಕಬಲ್ಲವು.

ಬೇರೆ ಸರ್ವರ್ ಬೇಕೇ?

ಮಾಡ್ಯೂಲು ಎಂದ ಕೂಡಲೇ ಪ್ರತಿಯೊಂದನ್ನೂ ಬೇರೆ ಬೇರೆ ಸರ್ವರಿನಲ್ಲಿ ಓಡಿಸಬೇಕು, ಅವು ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳಬೇಕು ಎನ್ನುವವರಿದ್ದಾರೆ. ಮೈಕ್ರೋಸರ್ವಿಸ್ ಎಂದು ಅದಕ್ಕೆ ಹೆಸರು. ನೂರಾರು ಎಂಜಿನಿಯರುಗಳಿರುವ ಕಂಪನಿಯಲ್ಲಿ ಪ್ರತಿ ತಂಡವೂ ಇನ್ನೊಂದು ತಂಡಕ್ಕೆ ಕಾಯದೆ ತನ್ನ ಕೆಲಸ ಬಿಡುಗಡೆ ಮಾಡಬೇಕಾದಾಗ ಇದಕ್ಕೆ ಅರ್ಥವಿದೆ. ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯ ಆಕಾರವೂ ಹಾಗೇ ಆಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಮೂರು ಜನರ ತಂಡಕ್ಕೆ ಹತ್ತು ಸರ್ವಿಸ್ ಇದ್ದರೆ ಮೂವರೂ ದಿನವಿಡೀ ಸರ್ವಿಸ್‌ಗಳನ್ನು ಕಾಯುವುದರಲ್ಲೇ ಕಳೆಯುತ್ತಾರೆ.

ಫಂಕ್ಷನ್ ಕರೆದರೆ ಉತ್ತರ ಬರುತ್ತದೆ, ಇಲ್ಲವೇ ದೋಷ ಬರುತ್ತದೆ. ನೆಟ್‌ವರ್ಕಿನಾಚೆ ಕರೆದರೆ ಮೂರನೆಯ ಸಾಧ್ಯತೆಯೊಂದಿದೆ: ಏನೂ ಬರದಿರುವುದು. ಪುಸ್ತಕ ವಾಪಸಾದದ್ದು ದಾಖಲಾಯಿತೋ ಇಲ್ಲವೋ, ಮತ್ತೆ ಕಳಿಸಿದರೆ ದಂಡ ಎರಡು ಸಲ ಬೀಳುತ್ತದೋ ಎಂಬ ಹೊಸ ತಲೆನೋವುಗಳು ಹುಟ್ಟುವುದು ಆಗ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ, ದೃಶ್ಯ ಮತ್ತು ಧ್ವನಿಯ ಗುಣಮಟ್ಟ ಕಾಯುವ ತನ್ನ ವ್ಯವಸ್ಥೆಯನ್ನು ಬಿಡಿ ಬಿಡಿ ಸರ್ವಿಸ್‌ಗಳಿಂದ ಒಂದೇ ಪ್ರೋಗ್ರಾಮಿಗೆ ತಂದು ಖರ್ಚನ್ನು ಶೇಕಡಾ 90ಕ್ಕೂ ಹೆಚ್ಚು ಇಳಿಸಿದ್ದಾಗಿ ಬರೆದುಕೊಂಡಿತು. ಅದು ಆ ಒಂದು ವ್ಯವಸ್ಥೆಯ ಮಾತು, ಎಲ್ಲಕ್ಕೂ ಹೊಂದುವ ಸೂತ್ರ ಎಂದು ಹಿಡಿಯಬೇಕಿಲ್ಲ. ಆದರೂ ಕ್ರಮ ಯಾವುದಿರಬೇಕು ಎಂಬುದು ಸ್ಪಷ್ಟ: ಮೊದಲು ಒಂದೇ ಪ್ರೋಗ್ರಾಮಿನೊಳಗೆ ಗೆರೆಗಳು ಸರಿಯಾಗಲಿ. ಹಾಗೆ ಬೇರ್ಪಟ್ಟ ಮಾಡ್ಯೂಲನ್ನು ಅಗತ್ಯ ಬಿದ್ದ ದಿನ ಬೇರೆ ಸರ್ವರಿಗೆ ಸಾಗಿಸಬಹುದು. ಬೇರ್ಪಡದ ಮಾಡ್ಯೂಲನ್ನು ಸಾಗಿಸಿದರೆ ಅದೇ ಗೋಜಲು ನೆಟ್‌ವರ್ಕಿನ ಮೇಲೂ ಹರಡುತ್ತದೆ.

ಹಾಗಾದರೆ ಶುರುವಿನಲ್ಲಿ ಏನು ಮಾಡಬೇಕು? ನಿಮಗೆ ಬೇಕಿರುವುದು ಲಾಗಿನ್, ಅಡ್ಮಿನ್ ಪುಟ, ಡೇಟಾಬೇಸ್ ಇವೇ ಆಗಿದ್ದರೆ, ಅದೂ ಮುಂದಿನ ವಾರವೇ ಬೇಕಿದ್ದರೆ, ಜಾಂಗೊ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಕೆಲಸ ಚಿಕ್ಕದಿದ್ದರೆ, ಅಥವಾ ನಿಮ್ಮ ಅಗತ್ಯ ಸಿದ್ಧ ಅಚ್ಚಿಗೆ ಹೊಂದದಿದ್ದರೆ ಫ್ಲಾಸ್ಕ್ ಒಳ್ಳೆಯದು. ಮೊದಲ ದಿನವೇ ಹದಿನೈದು ಫೋಲ್ಡರ್ ಮಾಡಬೇಡಿ. ಯಾವುದು ಬದಲಾಗುತ್ತದೆ ಎಂದು ಆಗಿನ್ನೂ ಗೊತ್ತಿರುವುದಿಲ್ಲ. ಊಹೆಯ ಮೇಲೆ ಕಟ್ಟಿದ ಗೋಡೆ ಒಡೆಯುವುದು ಗೋಡೆಯೇ ಇಲ್ಲದ್ದಕ್ಕಿಂತ ಕಷ್ಟ. 'ಕ್ರಿಯೇಟ್ ಆ್ಯಪ್' ಮಾತ್ರ ಮೊದಲ ದಿನದಿಂದಲೇ ಇರಲಿ. ಅದಕ್ಕೆ ಖರ್ಚು ನಾಲ್ಕೈದು ಸಾಲು, ಆಮೇಲೆ ಸೇರಿಸುವುದು ಹಲವು ದಿನಗಳ ಕೆಲಸ.

ಕೆಲವು ತಿಂಗಳು ಕಳೆದ ಮೇಲೆ ಗಿಟ್‌ನಲ್ಲಿರುವ ಬದಲಾವಣೆಗಳ ದಾಖಲೆ ತೆರೆದು ಕೂರಿ. ಒಂದೊಂದು ಬದಲಾವಣೆಗೂ ಯಾವ ಯಾವ ಫೈಲುಗಳು ಒಟ್ಟಿಗೆ ತಿದ್ದಿಸಿಕೊಂಡಿವೆ ನೋಡಿ. ದಂಡದ ನಿಯಮ ತಿದ್ದಿದಾಗಲೆಲ್ಲ ಸದಸ್ಯರ ಫೈಲೂ ಕೈಗೆ ಬಂದಿದ್ದರೆ ಗೆರೆ ತಪ್ಪು ಜಾಗದಲ್ಲಿದೆ. ಯಾವ ನಿಯಮ ಬದಲಾದರೂ ಒಂದೇ ಫೋಲ್ಡರ್ ಮುಟ್ಟಿ ಮುಗಿಸಿದ್ದರೆ ಸರಿಯಾದ ಜಾಗದಲ್ಲಿದೆ. ಮಾಡ್ಯೂಲುಗಳ ಚಿತ್ರ ಎಷ್ಟು ಅಚ್ಚುಕಟ್ಟಾಗಿ ಬಿಡಿಸಿದ್ದೇವೆ ಎಂಬುದಕ್ಕಿಂತ ಈ ದಾಖಲೆ ಹೇಳುವ ಸಾಕ್ಷಿಗೆ ತೂಕ ಹೆಚ್ಚು. ಫ್ರೇಮ್‌ವರ್ಕ್ ಬದಲಿಸಬೇಕೆಂದು ತೀರ್ಮಾನಿಸುವ ಮೊದಲು ಆ ಸಾಕ್ಷಿಯನ್ನೊಮ್ಮೆ ಕೇಳಿ.